ಇಲ್ಲಿ ತಡವರಿಸು

ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲು ಬೆಳಗ್ಗೆ, ಅತ್ತೆ ಎಂದಿನಂತೆ ಮೇಜಿನ ಮುಂದೆ ಬಂದು ಕೂತು, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟು, "ಇವತ್ತು ಓದಲ್ವಾ?" ಎಂದರು.

ಅವಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು.

"ಏನನ್ನ, ಅತ್ತೆ?"

"ಅದೇ, ನಿಮ್ಮ ಸ್ವೀಡಿಷ್ ಕಥೆ. ಕೆಳಗಿನ ಮನೆಯವಳು ಚೀಟಿ ಅಂಟಿಸಿ ಹೋಗಿ ಎಷ್ಟು ದಿನ ಆಯ್ತು. ಮೇಲಿನ ಮನೆಯವನು ಉತ್ತರ ಕೊಟ್ಟನೋ ಇಲ್ವೋ, ಯಾರಿಗೆ ಗೊತ್ತು."

ಅತ್ತೆಯ ಮಗ, ಅವಳ ಗಂಡ, ಹೋಗಿ ಎಂಟು ದಿನವಾಗಿತ್ತು. ಇಂಥ ಹೊತ್ತಿನಲ್ಲಿ ಕಥೆ ಕೇಳುತ್ತಿರುವುದು ವಿಚಿತ್ರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. "ಓದೋನೇ ಇಲ್ವಲ್ಲ" ಎಂದಳು, ಕರೆಂಟು ಹೋಗಿದೆ ಎನ್ನುವ ಹಾಗೆ.

"ನೀನಿದ್ದೀಯಲ್ಲ."

ಅವನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು. ಹಳೆಯ ರೇಡಿಯೋ, ಗ್ರಾಮಫೋನು ರಿಪೇರಿ ಮಾಡುತ್ತಿದ್ದುದು ಅರ್ಧ ಕಾರಣ. ಬಾಯಿ ಮುಚ್ಚದೇ ಇದ್ದುದು ಇನ್ನರ್ಧ. ಒಮ್ಮೆ ರಿಪೇರಿಗೆ ಬಂದ ಪೆಟ್ಟಿಗೆಯೊಳಗೆ ಒಂದು ರೆಕಾರ್ಡು ಉಳಿದುಹೋಗಿತ್ತು. ಹಾಕಿದರೆ ಯಾರೋ ಒಬ್ಬಳು ಎದೆ ಬಿರಿಯುವ ಹಾಗೆ ಹಾಡುತ್ತಿದ್ದಾಳೆ. ಭಾಷೆ ಸ್ವೀಡಿಷ್. "ಪಾಪ, ಯಾವನೋ ಕೈಕೊಟ್ಟಿದ್ದಾನೆ" ಎಂದು ಅವನು ಮೂರು ದಿನ ಊಟ ಸೇರದವನಂತೆ ಓಡಾಡಿದ. ಕೊನೆಗೆ, ಗುರುವಾರದ ಸಂಜೆಗಳಲ್ಲಿ ಆ ಭಾಷೆ ಹೇಳಿಕೊಡುವ ಟೀಚರ್ ಒಬ್ಬರನ್ನು ಹುಡುಕಿ, ಹೆಂಡತಿಯನ್ನೂ ಎಳೆದುಕೊಂಡು ಹೋದ.

ಟೀಚರ್ ಆ ದೇಶದಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು. ಕಣ್ಣು ಮುಚ್ಚಿ ಹಾಡು ಪೂರ್ತಿ ಕೇಳಿದರು. "ಅಲ್ಲಿ ಇಡೀ ಕಟ್ಟಡಕ್ಕೆ ಬಟ್ಟೆ ಒಗೆಯೋ ಕೋಣೆ ಒಂದೇ. ಟೈಮ್ ಬುಕ್ ಮಾಡ್ಕೋಬೇಕು. ಇವಳ ಟೈಮಲ್ಲಿ ಇನ್ಯಾರೋ ಮಷೀನ್ ಹಾಕಿದ್ದಾರೆ. ಅದಕ್ಕೇ ಈ ಗೋಳು."

ಅವಳ ನಗು ಮೆಟ್ಟಿಲು ಇಳಿಯುವವರೆಗೂ ನಿಲ್ಲಲಿಲ್ಲ. ಅವನು ಎರಡು ಮೆಟ್ಟಿಲು ಕೆಳಗೆ ನಿಂತು, ತಲೆಯೆತ್ತಿ ಅವಳನ್ನೇ ನೋಡಿದ. "ನೀನು ಹೀಗೆ ನಗೋದಾದ್ರೆ ನಾನು ಈ ಭಾಷೆ ಕಲಿತೇ ಸೈ, ಮೇಡಂ."

ಟೀಚರ್ ವ್ಯಾಕರಣ ಹೇಳುತ್ತಿರಲಿಲ್ಲ. ಮೊದಲು ಕಾಫಿ ಮತ್ತು ಬನ್ನು. ಅದಕ್ಕೆ ಅಲ್ಲಿ ಫೀಕಾ ಅನ್ನುತ್ತಾರೆ, ಆಗ ಕೆಲಸದ ಮಾತು ಎತ್ತಬಾರದು. ಆಮೇಲೆ ಹಾಡು. ಆಮೇಲೆ ಆ ಜನರ ಅಭ್ಯಾಸಗಳು. ಉತ್ತರದ ಕಡೆಯವರು 'ಹೌದು' ಅನ್ನಲು ಬಾಯಿ ಬಿಡುವುದಿಲ್ಲವಂತೆ, ಉಸಿರನ್ನು ಸರ್ ಎಂದು ಒಳಗೆ ಎಳೆದುಕೊಳ್ಳುತ್ತಾರಂತೆ. ಅವನು ಮನೆಯಲ್ಲಿ ಎಲ್ಲಕ್ಕೂ ಹಾಗೇ ಉತ್ತರ ಕೊಡತೊಡಗಿದ. ಅತ್ತೆ ದಮ್ಮು ಶುರುವಾಯಿತೆಂದು ಅವನ ಮುಖಕ್ಕೆ ಬಿಸಿನೀರಿನ ಹಬೆ ಹಿಡಿಸಿದರು.

ಕೊನೆಯಲ್ಲಿ ಪುಸ್ತಕ. ಟೀಚರ್ ಹತ್ತಿರ ಕಲಿಯುವವರಿಗೆಂದೇ ಬರೆದ ಒಂದು ತೆಳ್ಳನೆಯ ಕಾದಂಬರಿ ಇತ್ತು, ಒಂದೇ ಪ್ರತಿ. ಸರದಿಯಂತೆ ಒಬ್ಬೊಬ್ಬರು ಮನೆಗೆ ಒಯ್ಯಬೇಕು. ಅರ್ಥವನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಬಹುದು, ಆದರೆ ಅಳಿಸಿ ಕೊಡಬೇಕು. "ಮುಂದಿನವರು ತಾವೇ ಒದ್ದಾಡ್ಲಿ" ಎನ್ನುತ್ತಿದ್ದರು. ರೇಡಿಯೋ ಎರಡು ವಾರಕ್ಕೆಂದು ತಂದು ಐದು ವಾರ ಇಟ್ಟುಕೊಂಡಿದ್ದ.

ಕಥೆಯಲ್ಲಿ ಒಂದು ಕಟ್ಟಡ. ಕೆಳಗಿನ ಮನೆಯವಳಿಗೂ ಮೇಲಿನ ಮನೆಯವನಿಗೂ ಬಟ್ಟೆ ಕೋಣೆಯ ಜಗಳ. ಅವರು ಮುಖಕ್ಕೆ ಮುಖ ಕೊಟ್ಟು ಬೈಯುವುದಿಲ್ಲ, ಬಾಗಿಲಿಗೆ ಚೀಟಿ ಅಂಟಿಸುತ್ತಾರೆ. ದಿನಾ ಬೆಳಗ್ಗೆ ಒಂದು ಪುಟ. ಅವನು ಗಟ್ಟಿಯಾಗಿ ಓದುತ್ತಿದ್ದ, ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವಳು ಸ್ನಾತಕೋತ್ತರ ಪದವಿಯವಳು, ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವಳು. ಅವನು ಹತ್ತನೇ ತರಗತಿ ದಾಟದವನು. ಆದರೂ ಹೊಸ ಪದ ಬಂದಾಗಲೆಲ್ಲ ಮುಗ್ಗರಿಸುತ್ತಿದ್ದವಳು ಅವಳೇ. ಅವನು ಕನ್ನಡಕ ತೆಗೆದು, ಹುಬ್ಬೆತ್ತಿ, ಅವಳು ಸೋಲುವವರೆಗೆ ಕಾದು, ಆಮೇಲೆ ಅರ್ಥ ಹೇಳುತ್ತಿದ್ದ.

"ನಿಂಗೆ ಹೇಗೆ ಗೊತ್ತಾಗುತ್ತೆ?"

"ಕೆಲವರಿಗೆ ಹುಟ್ಟಿನಿಂದಲೇ ಬರುತ್ತೆ, ಮೇಡಂ. ಓದಿದ್ರೆ ಬರಲ್ಲ."

ಅವಳಿಗೆ ಉರಿಯುತ್ತಿತ್ತು. ಉರಿಯುತ್ತಲೇ ಮರುದಿನದ ಪುಟಕ್ಕೆ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ಅವನು ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಹೋದ. ಹೃದಯ ಎಂದರು.

ಅತ್ತೆ ಕಥೆ ಕೇಳಿದ ಆ ಶುಕ್ರವಾರ ಆಸ್ಪತ್ರೆಯಲ್ಲಿ ಅವಳು ಏಳು ಜನರ ಕಿವಿ ನೋಡಿದಳು. "ಅತ್ತುಬಿಡಿ, ಹಗುರ ಆಗುತ್ತೆ" ಎಂದಳು ಜೊತೆಯವಳು. ಅವಳು ತಲೆಯಾಡಿಸಿ ಮುಂದಿನ ರೋಗಿಯನ್ನು ಕರೆದಳು. ಸಂಜೆ ಟೀಚರ್ ಫೋನ್ ಮಾಡಿದರು.

"ಕೇಳೋಕೆ ಸಂಕೋಚ ಆಗುತ್ತಮ್ಮ. ಆ ಪುಸ್ತಕ ಗುರುವಾರ ತರ್ತೀಯಾ? ನಮ್ಮ ಕ್ಲಾಸಿನ ಬಸ್ ಡ್ರೈವರ್ ಐದು ವಾರದಿಂದ ಕಾಯ್ತಿದ್ದಾರೆ. ಅವರ ಮಗಳು ಅಲ್ಲಿನವನನ್ನ ಮದುವೆ ಆಗಿದ್ದಾಳೆ, ತಿಂಗಳ ಕೊನೆಗೆ ಬೀಗರು ಬರ್ತಾರೆ. ಬೀಗರ ಮುಂದೆ ಬಾಯಿ ಕಟ್ಕೊಂಡು ಕೂರೋಕಾಗುತ್ತಾ? ಪೆನ್ಸಿಲ್ ಗುರುತು ಅಳಿಸಿ ತಾ."

"ಗುರುತು ಇಲ್ಲ ಟೀಚರ್. ನಾವು ಏನೂ ಬರೆದಿಲ್ಲ."

ಆದರೂ ತೆರೆದು ನೋಡಿದಳು. ಓದಿದ ಪುಟಗಳಲ್ಲಿ ಸಾಲುಗಳ ನಡುವೆ ರಬ್ಬರ್ ಉಜ್ಜಿದ ಮಸುಕು. ನಿಲ್ಲಿಸಿದ್ದ ಪುಟದಾಚೆ, ಆರು ಪುಟ ತುಂಬ ಪೆನ್ಸಿಲ್. ಪ್ರತಿ ಪದದ ನೆತ್ತಿಯ ಮೇಲೂ ಅವನ ಇರುವೆ ಸಾಲಿನಂಥ ಕನ್ನಡ.

ಹುಟ್ಟಿನಿಂದಲೇ ಬರುತ್ತದೆ ಎಂದಿದ್ದವನು ಆರು ದಿನ ಮುಂಚೆಯೇ ತಯಾರಾಗಿ ಬರುತ್ತಿದ್ದ. ಓದಿದ ಮೇಲೆ ಕಳ್ಳನ ಹಾಗೆ ಅಳಿಸುತ್ತಿದ್ದ.

ಅರ್ಥಗಳಷ್ಟೇ ಅಲ್ಲ, ಅಂಚಿನಲ್ಲಿ ತನಗೆ ತಾನೇ ಕೊಟ್ಟುಕೊಂಡ ಅಪ್ಪಣೆಗಳೂ ಇದ್ದವು. 'ಇಲ್ಲಿ ತಡವರಿಸು. ಪೂರ್ತಿ ಸರಾಗ ಓದಿದರೆ ಅನುಮಾನ ಬರುತ್ತದೆ.' ಇನ್ನೊಂದು ಕಡೆ, 'ಕನ್ನಡಕ ತೆಗೆ.' ನಾಲ್ಕನೆಯ ಪುಟದಲ್ಲಿ, 'ಈ ಪದ ಅವಳಿಗೆ ಗೊತ್ತು. ಅವಳಿಗೇ ಬಿಡು.'

ಗುರುವಾರಕ್ಕೆ ಆರು ಬೆಳಗ್ಗೆಗಳಿದ್ದವು. ಅಷ್ಟರಲ್ಲಿ ಈ ಆರು ಪುಟ ಬರಿದಾಗಬೇಕು. ಅವನು ಉಳಿಸಿಹೋದದ್ದರಲ್ಲಿ ಅವಳಿಗೆಂದೇ ಇದ್ದದ್ದು ಇಷ್ಟೇ.

ಶನಿವಾರ ಅವಳು ಓದಿದಳು. ತಡವರಿಸು ಎಂದಲ್ಲಿ ತಡವರಿಸಿದಳು. ಅತ್ತೆ ಕೇಳಿದರು. ಓದಿ ಮುಗಿದ ಮೇಲೆ ಅಳಿಸಿದಳು, ಮೇಜು ಒರೆಸುವ ಹಾಗೆ. ಭಾನುವಾರವೂ ಅಷ್ಟೇ. ಮಂಗಳವಾರ, ಅವಳಿಗೆ ಬಿಟ್ಟಿದ್ದ ಪದ ಬಂತು. ಅವಳಿಗೆ ನಿಜಕ್ಕೂ ಗೊತ್ತಿತ್ತು. ಹೇಳಿ, ಒಂದು ಕ್ಷಣ ಎದುರಿನ ಕುರ್ಚಿಯನ್ನು ನೋಡಿ, ಅಳಿಸಿದಳು.

ಗುರುವಾರ ಬೆಳಗ್ಗೆ ಆರನೆಯ, ಕೊನೆಯ ಪುಟ. ಕೆಳಗಿನ ಮನೆಯವಳು ಒದ್ದೆ ಬಟ್ಟೆಯನ್ನು ಮಷೀನಿನಲ್ಲೇ ಮರೆತು ಹೋಗಿದ್ದಳು. ಹೆದರಿಕೊಂಡೇ ಇಳಿದು ಬಂದರೆ ಬಾಗಿಲ ಮೇಲೆ ಚೀಟಿ. 'ನಿಮ್ಮ ಬಟ್ಟೆ ಒಣಗಿಸಿದ್ದೇನೆ. ಮಡಿಸಿ ಇಟ್ಟಿದ್ದೇನೆ.'

"ಮಡಿಸಿದನಾ?" ಅತ್ತೆ ಮುಂದೆ ಬಾಗಿದರು. "ಅವನ ಕೈಯಾರೆ?"

"ಹೂಂ, ಅತ್ತೆ."

"ಹಾಗಾದ್ರೆ ಕಥೆ ಮುಗೀತು ಬಿಡು. ಇನ್ನೇನು ಉಳೀತು ಹೇಳೋಕೆ."

ಆ ಸಾಲಿನ ಪಕ್ಕದಲ್ಲಿ ಬರೆದಿತ್ತು: 'ಇಲ್ಲಿ ಅವಳ ಮುಖ ನೋಡು.'

ಅವಳು ರಬ್ಬರ್ ಎತ್ತಿಕೊಂಡಳು. ಇಟ್ಟಳು. ಮತ್ತೆ ಎತ್ತಿಕೊಂಡಳು. ಆಸ್ಪತ್ರೆಗೆ ಹೊತ್ತಾಗುತ್ತಿತ್ತು. ಪುಸ್ತಕವನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡಳು.

ಸಂಜೆ ಮೆಟ್ಟಿಲು ಹತ್ತಿ ಹೋದಾಗ ಟೀಚರ್ ಕಪ್ಪುಗಳನ್ನು ಜೋಡಿಸುತ್ತಿದ್ದರು. ಡ್ರೈವರ್ ಆಗಲೇ ಬಂದು, ಸಮವಸ್ತ್ರದಲ್ಲೇ ಕೂತಿದ್ದರು.

"ಒಂದು ಪುಟ ಅಳಿಸಿಲ್ಲ, ಟೀಚರ್."

ಟೀಚರ್ ಆ ಪುಟ ನೋಡಿದರು. ಡ್ರಾಯರಿನಿಂದ ಒಂದು ರಬ್ಬರ್ ತೆಗೆದು ಅವಳ ಮುಂದಿಟ್ಟರು. "ಇಲ್ಲೇ ಕೂತು ಅಳಿಸು. ಅವಸರ ಇಲ್ಲ."

ಡ್ರೈವರ್ ಇಣುಕಿದರು. "ಓಹೋ, ಇದಾ. ಇದನ್ನ ನಮ್ಮ ಬಸ್ಸಲ್ಲೇ ಬರೆದಿದ್ದು, ಮುಂದಿನ ಸೀಟಲ್ಲಿ ಕೂತು. ಬರೆಯೋದು, ಗೊಣಗೋದು, ಕನ್ನಡಕ ತೆಗೆಯೋದು, ಹಾಕೋದು. ನಾನು ಕನ್ನಡೀಲಿ ನೋಡ್ತಿದ್ದೆ. 'ಏನ್ರೀ ರೇಡಿಯೋ, ನಾಟಕಕ್ಕೆ ಸೇರಿದ್ರಾ' ಅಂದ್ರೆ, 'ಮೇಡಂ ಮುಂದೆ ಪಾಸಾಗ್ಬೇಕು, ಸುಮ್ನೆ ಗಾಡಿ ಓಡ್ಸಿ' ಅಂತಿದ್ರು."

"ಎಷ್ಟು ಸಲ?" ಎಂದಳು ಅವಳು.

"ಏನಮ್ಮ?"

"ಕನ್ನಡಕ. ಎಷ್ಟು ಸಲ ತೆಗೀತಿದ್ದ?"

ಡ್ರೈವರ್ ಯೋಚಿಸಿದರು. "ಸ್ಟಾಪಿಗೊಂದು ಸಲ ಅಂತಿಟ್ಕೊಳ್ಳಿ."

ಮನೆಯಿಂದ ಅಂಗಡಿಗೆ ಒಂಬತ್ತು ಸ್ಟಾಪು. ಅವಳು ಒಂದೊಂದೇ ಸ್ಟಾಪನ್ನು ಮನಸ್ಸಿನಲ್ಲಿ ದಾಟಿದಳು. ಆರನೆಯದಕ್ಕೆ ಬರುವಷ್ಟರಲ್ಲಿ ಪುಟದ ಅಕ್ಷರಗಳು ಕಲಸಿಹೋದವು. ಟೀಚರ್ ತಿರುಗಿ ನಿಂತು, ಒರೆಸಿದ ಕಪ್ಪನ್ನೇ ಮತ್ತೆ ಒರೆಸತೊಡಗಿದರು.

ಸ್ವಲ್ಪ ಹೊತ್ತಿನ ಮೇಲೆ ಡ್ರೈವರ್ ಮೆಲ್ಲಗೆ, "ಅದೊಂದು ಪುಟ ಹಾಗೇ ಇರ್ಲಿ ಟೀಚರ್" ಎಂದರು. "ಇಪ್ಪತ್ತೆಂಟು ವರ್ಷದಿಂದ ರೂಲ್ಸ್ ಪ್ರಕಾರಾನೇ ಓಡ್ಸಿದ್ದೀನಿ. ಒಂದೇ ಒಂದು ರೆಡ್ ಸಿಗ್ನಲ್ ದಾಟ್ತೀನಿ."

ಟೀಚರ್ ಬಂದು ರಬ್ಬರನ್ನು ಡ್ರಾಯರಿಗೆ ಹಾಕಿದರು.

"ಮನೇಲಿ ಓದಿ ಹೇಳ್ತೀರಾ?" ಅವಳು ಮೂಗೊರೆಸಿಕೊಂಡು ಕೇಳಿದಳು.

"ಹೆಂಡ್ತಿಗೆ ಹೇಳ್ಬೇಕು. ಅವಳಿಗೂ ಬೀಗರ ಭಯ. ಆದ್ರೆ ಇಲ್ಲಿ ಬರೆದಿರೋ ಹಾಗೆ ಮುಖ ಗಿಖ ನೋಡಿದ್ರೆ, ಏನ್ರೀ ಹಲ್ಲುನೋವಾ ಅಂತ ಕೇಳ್ತಾಳೆ."

ಅವಳು ಪುಸ್ತಕ ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅವರ ಮುಂದೆ ಚಾಚಿದಳು.

"ಕೇಳಲಿ. ಕೇಳಿದ್ರೂ ನೋಡಿ."