ಮೂರು ನೀರಿನ ಸೊಪ್ಪು

"ಹಂದಿಕಾಲು ಹಾಕದೆ ಕಾಲರ್ಡ್ ಸೊಪ್ಪಾ? ನಿಮ್ಮಜ್ಜಿ ಎದ್ದು ಬಂದು ನಿನ್ನ ಕಿವಿ ಹಿಂಡ್ತಾಳೆ ನೋಡು," ಎಂದ ಕ್ಲೀವನ್ ಮಾವ.

"ಹಿಂಡಲಿ ಮಾವ. ಅದಕ್ಕೇ ಮಾಡ್ತಿರೋದು," ಎಂದಳು ಕಿಯೋನಾ.

ಅಜ್ಜಿಗೆ ಉಪ್ಪುಮಾಂಸ ಕೂಡದು ಎಂದಿದ್ದರು ಡಾಕ್ಟರ್. ಹಾಗಾಗಿ ಕಿಯೋನಾ ಈರುಳ್ಳಿ, ಕ್ಯಾರೆಟ್ ಬೇಯಿಸಿ ಕಟ್ಟು ಬಸಿದಿದ್ದಳು. ಅದಕ್ಕೆ ಬೆಳ್ಳುಳ್ಳಿ, ಕೈತುಂಬ ಕುಟ್ಟಿದ ಒಣಮೆಣಸಿನಕಾಯಿ, ಒಂದಿಷ್ಟು ವಿನೆಗರ್. ಹೆಚ್ಚಿದ ಸೊಪ್ಪು ಅದರಲ್ಲಿ ಕೊತಕೊತ ಕುದಿಯುತ್ತಿತ್ತು.

ಅರ್ಲೀನ್ ಅಜ್ಜಿಗೆ ಸ್ಟ್ರೋಕ್ ಆಗಿ ಎರಡು ತಿಂಗಳು. ಆಸ್ಪತ್ರೆಯಿಂದ ಬಂದಮೇಲೆ ಅವಳು ಒಬ್ಬರನ್ನೂ ಬೈದಿರಲಿಲ್ಲ. ಅಬ್ಬಾ, ಇಡೀ ಚರ್ಚೇ ಹೆದರುತ್ತಿದ್ದ ಬಾಯಿ ಅದು! ಹೋದ ಈಸ್ಟರ್ ಊಟದಲ್ಲಿ ಯಾರೋ ತಂದ ಸೊಪ್ಪಿನಲ್ಲಿ ಒಂದೇ ಒಂದು ಮರಳಿನ ಕಣ ಹಲ್ಲಿಗೆ ಸಿಕ್ಕಿತ್ತು. ಅಷ್ಟಕ್ಕೇ ಅಜ್ಜಿ ಪಾತ್ರೆಯನ್ನೇ ವಾಪಸ್ ಕಳಿಸಿದ್ದಳು. "ಮೂರು ನೀರಲ್ಲಿ ತೊಳೀಬೇಕು ತಾಯಿ, ಮೂರು ನೀರಲ್ಲಿ," ಎಂದು ಎಲ್ಲರೆದುರು ಹೇಳಿದ್ದಳು.

ಒಂದೇ ಒಂದು ಬೈಗುಳ ಸಾಕಿತ್ತು ಕಿಯೋನಾಗೆ. ಅಜ್ಜಿ ಬೈದರೆ ಹಳೇ ಅಜ್ಜಿ ವಾಪಸ್ ಬಂದಹಾಗೆ.

ಮೂವರೂ ಊಟಕ್ಕೆ ಕೂತರು. ಕಿಯೋನಾ ಮೆಕ್ಕೆಜೋಳದ ಬ್ರೆಡ್ಡನ್ನು ಕಟ್ಟಿನಲ್ಲಿ ಅದ್ದಿ, ಸೊಪ್ಪಿನ ಜೊತೆ ಬಾಯಿಗಿಟ್ಟಳು. ಕರಕ್ ಅಂತು. ಮರಳು. ಅಯ್ಯೋ, ಅವಸರದಲ್ಲಿ ಎರಡೇ ನೀರಲ್ಲಿ ತೊಳೆದಿದ್ದಳು.

ಮಾವನೂ ಅಗಿಯುವುದನ್ನು ನಿಲ್ಲಿಸಿ ಅಜ್ಜಿಯನ್ನೇ ನೋಡಿದ. ಕಿಯೋನಾ ಬೈಗುಳಕ್ಕೆ ಕಾದು ಕೂತಳು. ಹೆದರಿಕೆಯಿಂದಲ್ಲ, ಆಸೆಯಿಂದ.

ಅಜ್ಜಿ ನಿಧಾನವಾಗಿ ಅಗಿದಳು. ಕರಕ್ ಎಂದದ್ದು ಎಲ್ಲರಿಗೂ ಕೇಳಿಸಿತು. ನುಂಗಿದಳು.

"ಚೆನ್ನಾಗಿದೆ," ಎಂದಳು ಮೆಲ್ಲಗೆ. "ಇನ್ನೊಂಚೂರು ಹಾಕು."

"ಅಜ್ಜಿ, ಮರಳಿದೆ ಅದರಲ್ಲಿ. ಹಂದಿಕಾಲೂ ಹಾಕಿಲ್ಲ."

"ಹೌದಾ?" ಅಜ್ಜಿ ನಕ್ಕಳು. ಗುರುತಿಲ್ಲದ ಮನೆಗೆ ಊಟಕ್ಕೆ ಬಂದವರು ನಗುತ್ತಾರಲ್ಲ, ಹಾಗೆ. ಮತ್ತೆ ಚಮಚ ಎತ್ತಿದಳು.

ಮಾವ ಎದ್ದು ಹೊರಗೆ ಹೋಗಿಬಿಟ್ಟ. ಕಿಯೋನಾ ಅಜ್ಜಿಯ ಕೈಯಿಂದ ಮೆತ್ತಗೆ ಚಮಚ ಬಿಡಿಸಿ, ಬರೀ ಬ್ರೆಡ್ಡು ಕೊಟ್ಟಳು. ಅಜ್ಜಿ ಅದಕ್ಕೂ "ಚೆನ್ನಾಗಿದೆ" ಎಂದಳು.

ಫ್ರಿಜ್ಜಿನಲ್ಲಿ ಇನ್ನೊಂದು ಕಟ್ಟು ಸೊಪ್ಪಿತ್ತು. ಅವಳು ಸಿಂಕಿನ ತುಂಬ ನೀರು ಬಿಟ್ಟಳು. ಮೊದಲ ನೀರು ತಮ್ಮ ಜಾರ್ಜಿಯಾದ ಮಣ್ಣಿನಷ್ಟೇ ಕೆಂಪಗಾಯಿತು. ಎರಡನೆಯದು ತಿಳಿಯಾಯಿತು. ಮೂರನೆಯದನ್ನೂ ಚೆಲ್ಲಿ, ಅಜ್ಜಿ ಮಾಡುತ್ತಿದ್ದ ಹಾಗೇ ಸಿಂಕಿನ ತಳದಲ್ಲಿ ಅಂಗೈ ಆಡಿಸಿದಳು. ಒಂದು ಕಣವೂ ಸಿಗಲಿಲ್ಲ.

ಅಜ್ಜಿಯ ಹಾಗೆ ಬೆನ್ನ ಹಿಂದೆ ನಿಂತು "ಎಲ್ಲಿ, ಕೈ ತೋರಿಸು" ಅನ್ನುವವರು ಯಾರೂ ಇರಲಿಲ್ಲ. ಕಿಯೋನಾ ತನ್ನ ಅಂಗೈಯನ್ನು ತಾನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ನಾಲ್ಕನೇ ನೀರಿಗೆ ಮತ್ತೆ ನಲ್ಲಿ ತಿರುಗಿಸಿದಳು.