ಬಸ್ಸಿನಡಿಯ ಒರತೆ

ನವೆಂಬರ್ ಹನ್ನೆರಡರ ಬೆಳಿಗ್ಗೆ ಹೊಸನಗರ ಠಾಣೆಗೆ ದೂರು ಬಂತು. ಸಾಗರದಿಂದ ಬರುತ್ತಿದ್ದ ಪ್ರಾಯೋಗಿಕ ಹೈಡ್ರೋಜನ್ ಬಸ್ಸು ಏರಿನಲ್ಲಿ ನಿಂತು, ಹಿಂದಕ್ಕೆ ಜಾರಿ ಚರಂಡಿಗೆ ಇಳಿದಿತ್ತು. ಕಂಡಕ್ಟರ್ ತನುಜಾಳ ಕೈ ಮುರಿದಿತ್ತು. ಇನ್ಸ್‌ಪೆಕ್ಟರ್ ಮಂಜುನಾಥಪ್ಪ ಎಫ್‌ಐಆರ್ ದಾಖಲಿಸಿ, ಪೇದೆ ತೀರ್ಥೇಶನೊಂದಿಗೆ ಸ್ಥಳಕ್ಕೆ ಹೋದರು.

ಯಾರೋ ಬಸ್ಸು ಕೆಡಿಸಿದ್ದಾರೆಂದು ದೂರು ಕೊಟ್ಟವಳು ಸುಮನಾ, ಬಸ್ಸಿನ ನಿಯಂತ್ರಣ ವ್ಯವಸ್ಥೆ ರೂಪಿಸಿದ ಎಂಜಿನಿಯರ್.

"ನಿಮ್ಮ ಲೆಕ್ಕವೇ ತಪ್ಪಿರಬಹುದಲ್ಲಮ್ಮ?" ಎಂದರು ಮಂಜುನಾಥಪ್ಪ.

"ಎಲ್ರೂ ಅದನ್ನೇ ಹೇಳ್ತಿದಾರೆ ಸಾರ್. ಹಂಗಾದ್ರೆ ನಾಳೆಯೇ ಪ್ರಯೋಗ ನಿಲ್ಲಿಸ್ತಾರೆ." ಅವಳು ಲ್ಯಾಪ್‌ಟಾಪ್ ತಿರುಗಿಸಿದಳು. "ಹೈಡ್ರೋಜನ್ನು ಗಾಳಿ ಜೊತೆ ಸೇರಿದಾಗ ಕರೆಂಟು ಹುಟ್ಟುತ್ತೆ, ಉಳಿಯೋದು ನೀರು. ಅದು ಹೊರಗೆ ಹೋಗ್ಲಿ ಅಂತ ಕಂಪ್ಯೂಟರ್ ಮತ್ತೆ ಮತ್ತೆ ವಾಲ್ವ್ ತೆಗೆದಿದೆ. ಆದ್ರೂ ಒತ್ತಡ ಇಳಿದಿಲ್ಲ. ನೀರು ಕಟ್ಕೊಂಡು ಕರೆಂಟು ನಿಂತಿದೆ. ಹೊರಗಡೆ ಏನೋ ಅಡ್ಡ ಇದೆ."

ತೀರ್ಥೇಶ ಬಸ್ಸಿನಡಿ ನುಸುಳಿದ. "ಸಾರ್, ಇಲ್ಲಿ ಯಾರೋ ಅಬ್ಬಿ ಕಟ್ಟಿದಾರೆ!"

ಗುಡ್ಡದ ನೀರನ್ನು ಅಂಗಳಕ್ಕೆ ತರುವ ಅಬ್ಬಿಯ ರೀತಿಯಲ್ಲೇ, ನೀರು ಹೊರಬರುವ ಕೊಳವೆಗೆ ಬಿದಿರಿನ ಓಟೆ ಸಿಕ್ಕಿಸಿದ್ದರು. ಸುತ್ತ ಅರಿಶಿನ ಹಚ್ಚಿದ ಬಟ್ಟೆ, ಬಾಳೆನಾರಿನ ಕಟ್ಟು. ತುದಿ ರಸ್ತೆಗೆ ತಾಗಿ, ಕೆಸರು ತುಂಬಿ ಮುಚ್ಚಿಹೋಗಿತ್ತು.

"ಹಾಳು ಮಾಡಕ್ಕೆ ಬಂದವ್ನು ಅರಿಶಿನ ಹಚ್ತಾನೇನೋ?" ಎಂದರು ಮಂಜುನಾಥಪ್ಪ. ಪಂಚನಾಮೆ ಬರೆದು ಓಟೆಯನ್ನು ಸೀಲು ಮಾಡಿದರು.

ಸಂಜೆ, ಬಸ್ಸು ರಾತ್ರಿ ತಂಗುವ ಸಾಗರದ ಶೆಡ್ಡಿಗೆ ಹೋದರು. ಬಸ್ಸು ತೊಳೆಯುವ ಭೂತಪ್ಪನ ತಾಮ್ರದ ಚೊಂಬಿಗೂ ಅದೇ ಬಾಳೆನಾರು, ಅದೇ ಗಂಟು.

"ಎಂತಕ್ಕೆ ಭೂತಪ್ಪ ಇದು?"

"ನಮ್ಮೂರ ದೇವ್ರು ಚೌಡಮ್ಮಂಗೆ ಸಾರ್. ನಮ್ಮೂರು ಲಿಂಗನಮಕ್ಕಿ ಹಿನ್ನೀರಲ್ಲಿ ಹೋತು. ಅಮ್ಮನ ಕಲ್ಲನ್ನ ನಮ್ಮಪ್ಪ ಹೊತ್ಕಂಡು ಬಂದ್ರು. ಒರತೆ ಹೊತ್ಕಂಡು ಬರಕ್ಕೆ ಆಗ್ತದಾ? ಅಮ್ಮಂಗೆ ಯಾರೂ ಮುಟ್ಟದ ನೀರೇ ಆಗ್ಬೇಕು. ಈ ಬಸ್ಸಲ್ಲಿ ನೀರು ಆಗಷ್ಟೇ ಹುಟ್ತದೆ."

"ದಿನಾ ಚೊಂಬು ತುಂಬಿದ ಮೇಲೆ ಓಟೆ ಬಿಚ್ತಿದ್ದೆ ತಾನೆ?"

"ಬಿಚ್ತಿದ್ದೆ. ಇವತ್ತು ಬಸ್ಸು ಬೇಗ ಹೊರಟ್ತು."

"ಕೂಗಿ ನಿಲ್ಲಿಸ್ಬಹುದಿತ್ತು."

ಭೂತಪ್ಪ ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡ. "ಕೂಗಿದ್ರೆ ನಾಳೆಯಿಂದ ನೀರು ತಪ್ತಿತ್ತು ಸಾರ್."

ಜನರ ಜೀವಕ್ಕೆ ಅಪಾಯ ತಂದ ಆರೋಪದಡಿ ಅವನನ್ನು ಬಂಧಿಸಿದರು. ಮುಳುಗಿದ ಊರಿನ ದೇವರಿಗೂ ಬಾಯಾರುತ್ತದೆ ಎಂದು ನಂಬಿದ ಜೀವ ಅದು. ಜೀಪು ಹತ್ತುವಾಗ ತನುಜಾಳ ಕೈ ಹೇಗಿದೆಯೆಂದು ಕೇಳಿದ. ಆಮೇಲೆ, ನಾಳೆ ಕಲ್ಲಿಗೆ ನೀರು ಹಾಕುವವರು ಯಾರೆಂದು ಕೇಳಿದ.

ಮರುವಾರ ದುರಸ್ತಿಯಾದ ಬಸ್ಸು ಹೊರಡುವ ಮುನ್ನ, ಸುಮನಾ ಕೊಳವೆಯ ಕೆಳಗೆ ನೆಲದ ಮೇಲೆ ಭೂತಪ್ಪನ ಚೊಂಬು ಇಟ್ಟಳು. ಏನನ್ನೂ ಕಟ್ಟಲಿಲ್ಲ. ಜಾಮೀನಿನ ಮೇಲೆ ಬಂದಿದ್ದ ಭೂತಪ್ಪ ಶೆಡ್ಡಿನೊಳಗೆ ಬರುವಂತಿರಲಿಲ್ಲ; ಗೇಟಿನಾಚೆ ನಿಂತಿದ್ದ. ಹನಿ ಬಿದ್ದು ಚೊಂಬು ತುಂಬುವವರೆಗೆ ತೀರ್ಥೇಶ ಬೂಟು ಬಿಚ್ಚಿ ಕಾದ. ಎರಡೂ ಕೈಯಲ್ಲಿ ಹಿಡಿದು ಗೇಟಿಗೆ ಬಂದ.

"ಭೂತಪ್ಪಣ್ಣ, ನೀರು ನಾನು ಮುಟ್ಲಿಲ್ಲ ಮಾರಾಯ."