ಕಾಣೆಯಾದ ಕಿವಿರಿನ ಚೂರು

ತಟ್ಟೆಯಲ್ಲಿ ಕಿವಿರು ಇರಲಿಲ್ಲ!

ಊಟ ಮುಗಿಸಿ ಬಂದು ಪ್ರಯೋಗಾಲಯದ ಬೀಗ ತೆಗೆದ ಶಿಷ್ಯೆ ಗಾಜಿನ ಮುಚ್ಚಳದ ಮೇಲೆ ಬಗ್ಗಿ ಮತ್ತೆ ಮತ್ತೆ ನೋಡಿದಳು. ಆಳ ಸಮುದ್ರದಿಂದ ತಂದ ಅಪರೂಪದ ಕಪ್ಪೆಚಿಪ್ಪಿನ ಕಿವಿರು ಅದು; ಅಂಥ ಕಪ್ಪೆಚಿಪ್ಪು ಇದ್ದದ್ದೇ ಒಂದು. ಪ್ರೊಫೆಸರಮ್ಮ ಅದರ ಕಿವಿರಿನಿಂದ ಉಗುರಿನಷ್ಟು ಚೂರು ಕತ್ತರಿಸಿ, ಮೇಣದ ತಳವಿದ್ದ ತಟ್ಟೆಯಲ್ಲಿ, ಸಮುದ್ರದ ನೀರಿನೊಳಗೆ ಇಟ್ಟುಹೋಗಿದ್ದರು. ಉಳಿದ ಮಾಂಸವೆಲ್ಲ ಸ್ಪಿರಿಟ್ ಸೀಸೆ ಸೇರಿ ಸತ್ತಿತ್ತು. ಜೀವವಿದ್ದ ಆ ಒಂದು ಚೂರನ್ನು ನೋಡಲೆಂದೇ ಸಂಜೆ ಪರೀಕ್ಷಕರು ಬರುವವರಿದ್ದರು. ಈಗ ತಟ್ಟೆಯಲ್ಲಿ ಬೋರಲು ಬಿದ್ದ ಅದರ ಖಾಲಿ ಚಿಪ್ಪು ಮಾತ್ರ ಇತ್ತು.

"ಬೀಗದ ಕೈ ಇದ್ದದ್ದು ನಿನ್ನ ಹತ್ರ," ಎಂದರು, ಸುದ್ದಿ ಕೇಳಿ ಓಡಿಬಂದು ಕೋಣೆಯೆಲ್ಲ ಹುಡುಕಿದ ಪ್ರೊಫೆಸರಮ್ಮ. "ಚೂರನ್ನ ಪಕ್ಕದ ಲ್ಯಾಬಿನವರಿಗೆ ಕೊಟ್ಟೆಯಾ? ಸಂಜೆಯೊಳಗೆ ಸಿಗದಿದ್ರೆ ನಾಳೆಯಿಂದ ನೀನಿಲ್ಲಿಗೆ ಬರೋದು ಬೇಡ."

"ನಾನು ಮುಟ್ಟೇ ಇಲ್ಲ, ಮೇಡಂ!"

ಅಷ್ಟರಲ್ಲಿ ಪ್ರೊಫೆಸರಮ್ಮನ ಮಾವ ಬಾಗಿಲಲ್ಲಿ ನಿಂತಿದ್ದರು. ಸೊಸೆ ಮನೆಯಲ್ಲಿ ಮರೆತುಬಂದ ಕನ್ನಡಕ ಅವರ ಕೈಯಲ್ಲಿತ್ತು. ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತರಾಗಿದ್ದರು; ಕೆದಕಿ ಕೇಳುವ ಚಾಳಿ ಮಾತ್ರ ನಿವೃತ್ತವಾಗಿರಲಿಲ್ಲ.

"ಕಿಟಕಿ?"

"ಒಳಗಿನಿಂದ ಚಿಲಕ ಹಾಕಿದೆ, ಮಾವ."

"ಇಲಿ, ಬೆಕ್ಕು?"

"ತಟ್ಟೆಗೆ ಗಾಜಿನ ಮುಚ್ಚಳ ಇತ್ತು."

"ಎಲ್ಲೆಲ್ಲಿ ಹುಡುಕಿದ್ರಿ?"

"ಕಪಾಟು, ಕಸದಬುಟ್ಟಿ, ಇವಳ ಬ್ಯಾಗು—"

"ಬ್ಯಾಗೂ?" ಎನ್ನುತ್ತ ಅವರು ಹುಡುಗಿಯ ಕಡೆ ನೋಡಿದರು. ಅವಳಿಗೆ ಅಳು ಒತ್ತರಿಸಿ ಬಂತು. ಅವರು ಸೊಸೆಯತ್ತ ತಿರುಗಿದರು. "ಸರಿ ತಾಯಿ, ಮಾಮೂಲಿ ಕಪ್ಪೆಚಿಪ್ಪಿನದೊಂದು ಚೂರು ಕತ್ತರಿಸು. ದಿನಾ ಹೇಗೆ ಮಾಡ್ತೀಯೋ, ಹಾಗೇ."

ಪ್ರೊಫೆಸರಮ್ಮ ಗೊಣಗುತ್ತಲೇ ಕತ್ತರಿಸಿ, ಬೇರೆ ತಟ್ಟೆಯ ನೀರಿಗೆ ಹಾಕಿ, ಗುಂಡುಸೂಜಿಯಿಂದ ಮೇಣಕ್ಕೆ ಚುಚ್ಚಿದರು.

"ತಡಿ! ಈ ಸೂಜಿ ಯಾಕೆ?"

"ಅಲ್ಲಾಡಬಾರದಲ್ಲ, ಮಾವ."

"ಅಲ್ಲಾಡೋಕೆ ಇದಕ್ಕೇನು ಕಾಲಿದೆಯಾ?"

"ಕಾಲಲ್ಲ, ರೋಮ," ಎಂದಳು ಶಿಷ್ಯೆ, ಮೂಗೊರೆಸಿಕೊಳ್ಳುತ್ತ. "ಕಿವಿರು ಅಂದ್ರೆ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿರೋ ಎಳೆಗಳು. ಎಳೆಗಳ ಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ. ಅವು ಒಂದರ ಹಿಂದೊಂದು ಬಡಿದು ನೀರು ತಳ್ತಾ ಇರ್ತವೆ. ಕತ್ತರಿಸಿದ ಮೇಲೂ ನಿಲ್ಲಲ್ಲ."

"ಆ ತಟ್ಟೆಯ ಸೂಜಿ ಎಲ್ಲಿ?"

ಪ್ರೊಫೆಸರಮ್ಮ ತಬ್ಬಿಬ್ಬಾದರು. "ಚುಚ್ಚಬೇಕು ಅಂತಿದ್ದೆ, ಅಷ್ಟೊತ್ತಿಗೆ ಫೋನ್ ಬಂತು…"

"ಕಳ್ಳ ಸೂಜಿ ಕಿತ್ತಿದ್ರೆ ತೂತು ಇರಬೇಕಿತ್ತು. ಅಲ್ಲಿ ಮೇಣ ನುಣ್ಣಗಿದೆ!" ಮಾವ ಹೊಸ ಚೂರಿನ ಸೂಜಿ ಕಿತ್ತರು. ಮೂವರೂ ಬಗ್ಗಿ ನೋಡಿದರು. ಚೂರು ಮಿಸುಕಿತು. ಆಮೇಲೆ, ಯಾರ ಹಂಗೂ ಇಲ್ಲವೆಂಬಂತೆ, ಮೇಣದ ಮೇಲೆ ತೆವಳುತ್ತ ಹೊರಟೇಬಿಟ್ಟಿತು.

"ದಿನಾ ಚುಚ್ಚಿಟ್ಟೇ ನೋಡೋರಿಗೆ ಇದು ನಡೆಯೋದು ಕಂಡಿಲ್ಲ. ಕಳುವಾದ ಮಾಲೇ ಇಲ್ಲಿ ಕಳ್ಳ! ರೂಮೆಲ್ಲ ಜಾಲಾಡಿದ್ರಿ, ತಟ್ಟೆಯೊಳಗೇ ನೋಡಲಿಲ್ಲ. ಆ ಚಿಪ್ಪು ಎತ್ತು, ಮಗಳೇ."

ಶಿಷ್ಯೆ ಬೋರಲು ಚಿಪ್ಪನ್ನು ಎತ್ತಿದಳು. ಅದರಡಿಯಲ್ಲಿ ಚೂರು ಹಾಯಾಗಿ ಕೂತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಮಗಳಿನ್ನೂ ಬಡಿಯುತ್ತಿದ್ದವು. ಅವಳಿಗೆ ಹೋದ ಜೀವ ಬಂದಂತಾಯಿತು.

"ತಪ್ಪು ನನ್ನದು ಕಣೇ," ಎಂದರು ಪ್ರೊಫೆಸರಮ್ಮ ಮೆಲ್ಲಗೆ. "ನಿನ್ನ ಬ್ಯಾಗು ಮುಟ್ಟಬಾರದಿತ್ತು. ಸಂಜೆ ಪರೀಕ್ಷಕರಿಗೆ ಇದನ್ನ ನೀನೇ ತೋರಿಸು."

ಶಿಷ್ಯೆ ಕಣ್ಣೊರೆಸಿಕೊಂಡು ನಕ್ಕಳು. ಗುಂಡುಸೂಜಿಯೊಂದನ್ನು ಅವರ ಮುಂದೆ ಹಿಡಿದಳು. "ಮೊದಲು ಚುಚ್ಚಿ, ಮೇಡಂ."